ಶಾಲೆಯ ಹಿಂದಿನ ಎರಿ ಭೂಮಿಯಲ್ಲಿ ಮಕ್ಕಳ ತೋಪು: ಠರಾವಿನಿಂದ ಮೊದಲ ಬೇಸಿಗೆ ದಾಟುವವರೆಗೆ

ಶಾಲೆಗೆ ಗಿಡ ಕೊಡಿಸುತ್ತೇನೆ ಎಂದು ಯಾರಾದರೂ ಹೇಳಿದರೆ ನಾನೀಗ ಮೊದಲು ಕೇಳುವುದು ಬೇಸಿಗೆ ರಜೆಯ ಮಾತು. ಏಪ್ರಿಲ್ 10ರ ಆಸುಪಾಸಿಗೆ ಶಾಲೆಗೆ ಬೀಗ ಬಿದ್ದರೆ ಮತ್ತೆ ತೆರೆಯುವುದು ಮೇ ಕೊನೆಗೆ. ವಿಜಯಪುರದ ಬಿಸಿಲಿನಲ್ಲಿ ಆ ಒಂದೂವರೆ ತಿಂಗಳು ನೀರು ಯಾರು ಹಾಕುತ್ತಾರೆ, ಎಲ್ಲಿಯ ನೀರು ಹಾಕುತ್ತಾರೆ, ಗೇಟಿನ ಕೀಲಿ ಯಾರ ಹತ್ತಿರ ಇರುತ್ತದೆ? ಇದು ಗೊತ್ತಾದ ಮೇಲೆ ಉಳಿದದ್ದು. ನಮ್ಮ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಜೊತೆ ಸೇರಿ ತೋಪು ಎಬ್ಬಿಸುವ ಕೆಲಸ ಈಗ ಒಂದು ಪೂರ್ತಿ ಬೇಸಿಗೆ ದಾಟಿ ಎರಡನೇ ಮಳೆಗಾಲಕ್ಕೆ ಬಂದಿದೆ. "ಹೆಂಗ ಮಾಡಿದ್ರಿ, ಯಾರ ಹತ್ರ ಹೋಗಬೇಕ್ರಿ" ಎಂದು ಸುತ್ತಲಿನ ಹಳ್ಳಿಗಳವರು ಕೇಳುತ್ತಿದ್ದಾರೆ. ಅವರ ಅಲೆದಾಟ ಸ್ವಲ್ಪ ಕಡಿಮೆಯಾಗಲಿ ಎಂದು ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ನಮ್ಮದು ಡೋಣಿ ನದಿ ಸಾಲಿನ ಊರು, ಎರಿ ಅಂದರೆ ಕಪ್ಪು ಮಣ್ಣಿನ ನೆಲ, "ಡೋಣಿ ಬೆಳೆದರೆ ಓಣಿಯೆಲ್ಲ ಕಾಳು" ಎನ್ನುವ ಸೀಮೆ. ಬಿಳಿಜೋಳ, ಕಡಲೆ ಹುಲುಸಾಗಿ ಬರುತ್ತವೆ, ಆದರೆ ಮಧ್ಯಾಹ್ನ ಹೊಲದಲ್ಲಿ ಬುತ್ತಿ ಬಿಚ್ಚಲು ನೆರಳು ಹುಡುಕಬೇಕು. ರಾಜ್ಯದಲ್ಲೇ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಬದುವಿನ ಮೇಲಿದ್ದ ಬೇವು, ಬನ್ನಿ, ಜಾಲಿಯನ್ನೂ ಟ್ರ್ಯಾಕ್ಟರ್ ತಿರುಗಲು ಅಡ್ಡ ಎಂದು ಕಡಿದದ್ದನ್ನು ನಾನು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ಮಕ್ಕಳಿಗೆ ಗಿಡ ಅಂದರೆ ಜೂನ್ 5ಕ್ಕೆ ಟಂಟಂನಲ್ಲಿ ಬರುವ ವಸ್ತು. ಫೋಟೊ ಆಯಿತು, ಮುಗಿಯಿತು. ಮುಂದಿನ ವರ್ಷ ಅದೇ ಗುಂಡಿಗೆ ಇನ್ನೊಂದು ಗಿಡ. ಇದನ್ನು ನೋಡಿ ನೋಡಿ ನಾನೊಂದು ನಿರ್ಧಾರ ಮಾಡಿಕೊಂಡೆ. ನಮ್ಮ ಶಾಲೆಯಿಂದ ಏಳನೇ ತರಗತಿ ಮುಗಿಸಿ ಹೋಗುವ ಪ್ರತಿ ಮಗುವಿಗೂ ಬೀಜದಿಂದ ಒಂದು ಸಸಿ ಎಬ್ಬಿಸಿ, ಅದನ್ನು ಬೇಸಿಗೆ ದಾಟಿಸಿದ ಅನುಭವ ಇರಬೇಕು. ದ್ರಾಕ್ಷಿ ತೋಟದ ಕೆಲಸದ ನಡುವೆ ವಾರಕ್ಕೊಂದು ಶನಿವಾರವನ್ನು ಇದಕ್ಕೇ ಕೊಡಬೇಕು.

ಹೆಡ್ ಮಾಸ್ತರರು ಒಳ್ಳೆಯವರು. ಆದರೂ ಮೊದಲ ಮಾತಿಗೇ ಅವರು ಕೇಳಿದ್ದು: "ನೀವು ಊರವರು ಅದೀರಿ, ನನ್ನ ತಕರಾರಿಲ್ರಿ. ಆದ್ರ ನಾಳೆ ಮಗುಗ ಹಾವು ಕಡೀತು, ಸನಿಕೆ ಬಡೀತು ಅಂದ್ರ ಯಾರು ಉತ್ತರ ಕೊಡೋರು?" ಅದು ಸರಿಯಾದ ಪ್ರಶ್ನೆಯೇ. ಹೊರಗಿನವರು ಶಾಲೆಯೊಳಗೆ ಬಂದು ಮಕ್ಕಳ ಜೊತೆ ಕೆಲಸ ಮಾಡುವಾಗ ಇಷ್ಟು ಬಿಗಿ ಇರಲೇಬೇಕು. ನನ್ನ ಅರ್ಜಿ, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಠರಾವು, ನನ್ನ ಬಗ್ಗೆ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ, ಪಾಲಕರ ಒಪ್ಪಿಗೆ ಪತ್ರ, ಇಷ್ಟು ಬೇಕೆಂದರು.

ಪೊಲೀಸ್ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. ಆಧಾರ್, ಫೋಟೊ, ವಿಳಾಸದ ದಾಖಲೆ ಸಾಕಾಯಿತು. ವಿಚಾರಣೆಗೆ ಪೊಲೀಸರು ಮನೆಗೆ ಬಂದಾಗ ನಾನು ತೋಟದಲ್ಲಿದ್ದೆ. ಅತ್ತೆ ಗಾಬರಿಯಾಗಿ ಅಕ್ಕಪಕ್ಕದವರನ್ನೆಲ್ಲ ಕೂಡಿಸಿಬಿಟ್ಟಿದ್ದರು. ನೀವು ಅರ್ಜಿ ಹಾಕಿದ ದಿನವೇ ಮನೆಯಲ್ಲಿ ಹಿರಿಯರಿಗೆ ಒಂದು ಮಾತು ಹೇಳಿಡಿ.

ಠರಾವು ಇನ್ನೊಂದು ಕಥೆ. ಫೆಬ್ರುವರಿ, ಮಾರ್ಚ್ ಅಂದರೆ ನಮ್ಮಲ್ಲಿ ಜೋಳದ ರಾಶಿಯ ಸುಗ್ಗಿ. ಎಸ್‌ಡಿಎಂಸಿ ಸದಸ್ಯರೆಲ್ಲ ಹೊಲದಲ್ಲಿ. ಕರೆದ ಸಭೆಗೆ ಕೋರಂ ಆಗಲಿಲ್ಲ, ಮುಂದೂಡಿದ ಸಭೆಗೂ ಆಗಲಿಲ್ಲ. ಕೊನೆಗೆ ಅಮಾವಾಸ್ಯೆಯ ದಿನ, ಎತ್ತು ಕಟ್ಟದ ದಿನ ನೋಡಿ ಸಭೆ ಇಟ್ಟೆವು, ಎಲ್ಲರೂ ಬಂದರು. ಹಳ್ಳಿಯಲ್ಲಿ ಸಭೆ ಕರೆಯುವವರು ಪಂಚಾಂಗ ನೋಡಿಯೇ ಕರೆಯಬೇಕು.

ಠರಾವಿನಲ್ಲಿ "ಗಿಡ ನೆಡಲು ಅನುಮತಿ" ಎಂದಷ್ಟೇ ಬರೆಸಬೇಡಿ. ಯಾವ ಜಾಗ, ಎಷ್ಟು ವರ್ಷ, ವಾರದ ಯಾವ ದಿನ, ಯಾವ ತರಗತಿಯ ಮಕ್ಕಳು, ನೀರಿನ ಮೂಲ ಯಾವುದು, ರಜೆಯಲ್ಲಿ ಹೊಣೆ ಯಾರದು, ಪಂಪಿನ ಕರೆಂಟ್ ಬಿಲ್ ಎಲ್ಲಿಂದ, ಇಷ್ಟೂ ಅದರಲ್ಲಿ ಇರಲಿ. ನಾವು ಹಾಗೆ ಬರೆಸಿದ್ದರಿಂದ ಮುಂದೆ ಜಗಳವಾದಾಗಲೆಲ್ಲ ಠರಾವಿನ ಪುಸ್ತಕ ತೆಗೆದು ತೋರಿಸಿ ಮುಗಿಸಿದೆವು. ಅರ್ಜಿಯಲ್ಲಿ ನಾನು ಎರಡು ಸಂಗತಿ ಸೇರಿಸಿದ್ದೆ. ಒಂದು, ಕಾಡು, ಕೆರೆ, ನದಿ, ವನ್ಯಜೀವಿ ಸಹಿತ ಪರಿಸರವನ್ನು ಕಾಪಾಡುವುದು ಪ್ರತಿ ನಾಗರಿಕರ ಮೂಲಭೂತ ಕರ್ತವ್ಯ ಎಂದು ಹೇಳುವ ಸಂವಿಧಾನದ 51ಎ(ಜಿ) ವಿಧಿ, 1976ರ 42ನೇ ತಿದ್ದುಪಡಿಯಲ್ಲಿ ಬಂದದ್ದು. ಇನ್ನೊಂದು, ಶಾಲೆ ಕಾಲೇಜುಗಳಲ್ಲಿ ಪರಿಸರ ಕಡ್ಡಾಯ ವಿಷಯವಾಗಬೇಕು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಕೊಟ್ಟ ನಿರ್ದೇಶನ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮೇಜಿನ ಮೇಲೆ ಈ ಎರಡು ಸಾಲು ಕೆಲಸಕ್ಕೆ ಬಂದವು. ಅದುವರೆಗೆ "ಯಾರೋ ಹೆಣ್ಮಗಳು ಗಿಡ ಹಚ್ಚತಾಳಂತ" ಎನ್ನುತ್ತಿದ್ದವರು ಅರ್ಜಿಯನ್ನು ಕೂತು ಓದಿದರು.

ಓದಿದರು, ಆದರೆ ಕಡತ ಮುಂದೆ ಸರಿಯಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತರಿಗೆ ವರ್ಗಾವಣೆಯಾಗಿ, ಹೊಸಬರಿಗೆ ಕಡತವೇ ಸಿಗಲಿಲ್ಲ. ನನ್ನ ಬಳಿ ಸೀಲು ಹಾಕಿದ ಸ್ವೀಕೃತಿ ಮತ್ತು ಆವಕ ಸಂಖ್ಯೆ ಇದ್ದದ್ದರಿಂದ ಬಚಾವಾದೆ. ನೀವು ಯಾವುದೇ ಕಚೇರಿಗೆ ಕಾಗದ ಕೊಟ್ಟರೂ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು, ಸಂಖ್ಯೆ ಹಾಕಿಸಿಕೊಂಡೇ ಏಳಿ. ಅಷ್ಟರಲ್ಲಿ ಬೇಸಿಗೆ ರಜೆ ಬಂತು, ಮತ್ತೆ ಸ್ತಬ್ಧ. ಮೇ ತಿಂಗಳ ಅಡ್ಡಮಳೆ ಬಿದ್ದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ಈ ವರ್ಷದ ಮಳೆಯೂ ಕಾಗದದ ಮೇಲೆಯೇ ಹೋಗುತ್ತದೇನೋ ಎಂಬ ಸಂಕಟ. ಅನುಮತಿ ಪತ್ರ ಕೈಗೆ ಬಂದದ್ದು ಜೂನ್ ನಡುವಿನಲ್ಲಿ.

ಪತ್ರ ಬಂದ ಮೇಲೆ ಯಾರೂ ಎಣಿಸದ ಕಡೆಯಿಂದ ತೊಡಕು ಬಂತು: ಜಾಗ. ಶಾಲೆಯ ಹಿಂದಿನ ನೆಲವನ್ನು ಬಹಳ ಹಿಂದೆ ಊರಿನ ಒಬ್ಬ ಹಿರಿಯರು ಬಾಯಿಮಾತಿನಲ್ಲಿ ದಾನ ಕೊಟ್ಟಿದ್ದರು. ಉತಾರದಲ್ಲಿ (ಪಹಣಿಯಲ್ಲಿ) ಇನ್ನೂ ಅವರ ಮನೆತನದ ಹೆಸರೇ ಇತ್ತು. ಗುಂಡಿಗೆ ಗುರುತು ಹಾಕಿದ ದಿನ ಅವರ ಮೊಮ್ಮಗ ಬಂದು, "ಇದು ನಮ್ಮ ಹೊಲದಾಗ ಬರತೈತಿ, ಇಲ್ಲಿ ಗಿಡ ಹಚ್ಚಬ್ಯಾಡ್ರಿ" ಎಂದರು. ಮಕ್ಕಳು ಕೈಯಲ್ಲಿ ಸುಣ್ಣದ ಡಬ್ಬಿ ಹಿಡಿದು ನಿಂತಿದ್ದರು. ಜಗಳಕ್ಕೆ ಹೋಗಲಿಲ್ಲ. ಸಂಜೆ ಹೆಡ್ ಮಾಸ್ತರರು, ಎಸ್‌ಡಿಎಂಸಿ ಅಧ್ಯಕ್ಷರು, ನಾನು ಅವರ ಮನೆಗೇ ಹೋದೆವು. ಚಹಾ ಕುಡಿದೆವು. ಅವರಿಗೆ ಬೇಕಾಗಿದ್ದದ್ದು ಎರಡು: ಗಡಿ ಖಚಿತವಾಗಬೇಕು, ಭೂಮಿ ಕೊಟ್ಟ ಅಜ್ಜನ ಹೆಸರು ಮಕ್ಕಳಿಗೆ ತಿಳಿಯಬೇಕು. ಎರಡೂ ನ್ಯಾಯವೇ. ಹದ್ದುಬಸ್ತಿಗೆ, ಅಂದರೆ ಗಡಿ ಅಳತೆಗೆ, ಅರ್ಜಿ ಹಾಕಿದೆವು. ಆದರೆ ಎರಿ ಭೂಮಿ ಹಸಿಯಾದ ಮೇಲೆ ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತದೆ, ಸರ್ವೆಯವರು ಸರಪಳಿ ಹಿಡಿದು ನಡೆಯುವುದೂ ಆಗಲಿಲ್ಲ. ಮಳೆ ಬಿಡುವು ಕೊಟ್ಟಾಗ ಆಗಸ್ಟ್‌ನಲ್ಲಿ ಕಲ್ಲು ನೆಟ್ಟರು. ಅಂದು ಆರನೇ ತರಗತಿಯ ಗಣಿತದ ಪಾಠ ಅಲ್ಲೇ ಆಯಿತು.

ಶಾಲೆಯ ಜಾಗದ ಉತಾರ ಯಾರ ಹೆಸರಿನಲ್ಲಿದೆ ಎಂದು ಎಲ್ಲಕ್ಕಿಂತ ಮೊದಲು ನೋಡಿ, ಅಳತೆ ಬೇಕಿದ್ದರೆ ಬೇಸಿಗೆಯಲ್ಲೇ ಮಾಡಿಸಿ.

ಕಾಯುವ ಕಾಲ ವ್ಯರ್ಥವಾಗಬಾರದೆಂದು ಶಾಲೆಯ ಅಂಗಳದಲ್ಲೇ ನರ್ಸರಿ ಶುರು ಮಾಡಿದೆವು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಒಂದಿಷ್ಟು ದೊಡ್ಡ ಸಸಿಗಳು ಸಿಕ್ಕವು. ಮಳೆಗಾಲಕ್ಕೆ ಬೇಕಾದ ಸಸಿಗಳನ್ನು ಅವರು ಹಿಂದಿನ ವರ್ಷವೇ ಬೆಳೆಸಲು ಶುರು ಮಾಡಿರುತ್ತಾರೆ, ಹಾಗಾಗಿ ಬೇಡಿಕೆ ಪತ್ರ ಮುಂಚೆಯೇ ಕೊಡಬೇಕು. ಚೀಲದ ಅಳತೆಯ ಮೇಲೆ ದರ, ಅದು ವರ್ಷವರ್ಷಕ್ಕೆ ಬದಲಾಗುತ್ತದೆ. ನನಗೆ ಸಸಿ ಕಡಿಮೆ ಸಿಕ್ಕದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಉಳಿದದ್ದನ್ನು ಮಕ್ಕಳೇ ಬೀಜದಿಂದ ಎಬ್ಬಿಸಬೇಕಾಯಿತು, ನನಗೆ ಬೇಕಾಗಿದ್ದದ್ದೂ ಅದೇ.

ಜೂನ್, ಜುಲೈ ಬೇವಿನ ಹಣ್ಣು ಉದುರುವ ಕಾಲ. ಹನುಮಪ್ಪನ ಗುಡಿಯ ಕಟ್ಟೆಯ ಕೆಳಗೆ ಹಳದಿ ಹಾಸಿಗೆ ಬಿದ್ದಿರುತ್ತದೆ. ಮಕ್ಕಳು ಬುಟ್ಟಿಯಲ್ಲಿ ತುಂಬಿ ತಂದು, ಬಕೆಟ್ ನೀರಿನಲ್ಲಿ ಹಾಕಿ ಹಿಚುಕಿದರು. ತಿರುಳು ಅಂಟು ಅಂಟು, ಬೀಜ ಬೆರಳ ಸಂದಿಯಿಂದ ಚಿಮ್ಮಿ ಪಕ್ಕದವರ ಮುಖಕ್ಕೆ. ಕೈಗೆ ಸಿಹಿ-ಕಹಿ ವಾಸನೆ, ಊಟದ ಹೊತ್ತಿನವರೆಗೂ ಹೋಗುವುದಿಲ್ಲ. ತೊಳೆದ ಬೀಜವನ್ನು ನೆರಳಿನಲ್ಲಿ ಹರವಿ ಒಣಗಿಸಿ, ಕೂಡಲೇ ಹಾಕಿದೆವು. ಬೇವಿನ ಬೀಜಕ್ಕೆ ಆಯುಷ್ಯ ಕಡಿಮೆ, ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಹೋಗುತ್ತದೆ. ಡಬ್ಬಿಯಲ್ಲಿ ಕಟ್ಟಿಟ್ಟು ಮುಂದಿನ ವರ್ಷ ಹಾಕುತ್ತೇನೆ ಅಂದರೆ ಬರುವುದಿಲ್ಲ. ಹುಣಸೆ ಹಾಗಲ್ಲ, ತಿಂಗಳುಗಟ್ಟಲೆ ತಡೆಯುತ್ತದೆ, ರಾತ್ರಿ ನೀರಿನಲ್ಲಿ ನೆನೆಸಿ ಹಾಕಿದರೆ ಸಾಕು. ಬನ್ನಿಯ ಬೀಜವನ್ನು ಇಡೀ ದಿನ ನೆನೆಸಬೇಕು. ಹೊಂಗೆಯ ಕಾಯಿ ಬೇಸಿಗೆಯಲ್ಲೇ ಬಲಿತು ಉದುರುತ್ತದೆ, ಆಗಲೇ ಆರಿಸಿಡಬೇಕು. ದಸರೆಗೆ ಬಂಗಾರ ಎಂದು ಹಂಚುವ ಬನ್ನಿಯ ಎಲೆ ಬರುವುದು ಈ ಸಣ್ಣ ಬೀಜದಿಂದ ಎಂದು ತೋರಿಸಿದಾಗ ಐದನೇ ತರಗತಿಯ ಹುಡುಗನೊಬ್ಬ ಬೀಜವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಒಯ್ದ.

ಚೀಲಕ್ಕೆ ಹಣ ಹಾಕಲಿಲ್ಲ. ಚಹಾ ಅಂಗಡಿಯಿಂದ ಹಾಲಿನ ಖಾಲಿ ಪ್ಯಾಕೆಟ್ ತಂದು, ತೊಳೆದು, ಕೆಳಗೆ ತೂತು ಮಾಡಿ ತುಂಬಿದೆವು. ಒಬ್ಬ ಅಂಗಡಿಯವರು ಪ್ಯಾಕೆಟ್ಟಿನ ಮೇಲ್ತುದಿಯನ್ನಷ್ಟೇ ಕತ್ತರಿಸಿ ನಮಗಾಗಿ ಎತ್ತಿಡತೊಡಗಿದರು. ಬರಿ ಎರಿ ಮಣ್ಣು ತುಂಬಬೇಡಿ, ಅದು ಒಣಗಿದರೆ ಇಟ್ಟಿಗೆಯಾಗುತ್ತದೆ. ಕೆಂಪು ಮಣ್ಣು, ಉಸುಕು, ಹಳೆ ತಿಪ್ಪೆ ಗೊಬ್ಬರ ಕೂಡಿಸಿ.

ಮಕ್ಕಳ ಕೆಲಸ ಶುರುವಾದ ಮೇಲೆ ಒಬ್ಬ ತಾಯಿ ಶಾಲೆಗೆ ಬಂದು ಸಿಟ್ಟಿನಿಂದ, "ನನ್ನ ಮಗಳನ್ನ ಮಣ್ಣು ಹೊರಾಕ ಸಾಲಿಗಿ ಕಳಸೂದಿಲ್ರಿ" ಎಂದರು. ಅವರ ಮಾತಿನಲ್ಲಿ ನೋವಿತ್ತು, ತಾವು ಹೊತ್ತದ್ದನ್ನು ಮಗಳು ಹೊರಬಾರದು ಎಂಬ ನೋವು. ಅವರನ್ನು ಶನಿವಾರ ಕರೆದು ಕೂರಿಸಿ ಇಡೀ ಕೆಲಸ ತೋರಿಸಿದೆ. ಗುಂಡಿ ತೋಡುವುದು, ಮಣ್ಣು ಹೊರುವುದು ದೊಡ್ಡವರದು, ಕೂಲಿ ಕೊಟ್ಟು ಮಾಡಿಸಿದ್ದು. ಮಕ್ಕಳದು ಬೀಜ, ನೀರು, ಅಳತೆ, ಬರೆದಿಡುವುದು. ಅವರು ಒಪ್ಪಿದರು. ಆದರೆ ಅವರು ಎತ್ತಿದ ಮಾತಿನ ಇನ್ನೊಂದು ಮಗ್ಗುಲು ಆಮೇಲೆ ಕಣ್ಣಿಗೆ ಬಿತ್ತು. ಯಾರೂ ಹೇಳದೆಯೇ ಹೆಣ್ಣುಮಕ್ಕಳು ಕೊಡ ಎತ್ತಿಕೊಳ್ಳುತ್ತಿದ್ದರು, ಗಂಡು ಮಕ್ಕಳು ಸ್ಕೇಲ್ ಹಿಡಿದು ಅಳೆಯುತ್ತಿದ್ದರು. ಅಂದೇ ಗೋಡೆಗೆ ಪಾಳಿಯ ಪಟ್ಟಿ ಅಂಟಿಸಿದೆವು. ಈ ವಾರ ನೀರು ಹಾಕಿದವರು ಮುಂದಿನ ವಾರ ಅಳೆಯಬೇಕು, ಯಾರಿಗೂ ರಿಯಾಯಿತಿ ಇಲ್ಲ. ಪರಿಸರ ಕಲಿಸುತ್ತೇನೆ ಎಂದು ಹೊರಟವರು ಇದನ್ನು ಬಿಡುವಂತಿಲ್ಲ. ನಮ್ಮ ಕಡೆ ನೀರು ತರುವ ಭಾರ ಬಿದ್ದದ್ದೆಲ್ಲ ಹೆಂಗಸರ ಸೊಂಟದ ಮೇಲೆಯೇ.

ಆಗಸ್ಟ್ ಕೊನೆಗೆ ದೊಡ್ಡ ಸಸಿಗಳನ್ನು ನೆಟ್ಟೆವು. ಎರಿ ಭೂಮಿಯಲ್ಲಿ ಗುಂಡಿಗೆ ನೀರು ನಿಂತು ಬೇರು ಕೊಳೆಯುತ್ತದೆ. ಅದಕ್ಕೆ ಎರಡಡಿ ಗುಂಡಿಗೆ ಕೆಂಪು ಮಣ್ಣು ಬೆರೆಸಿ, ಮೇಲೆ ದಿಬ್ಬ ಮಾಡಿ ಗಿಡ ಕೂರಿಸಬೇಕು. ಸುತ್ತಲೂ ಜಾಲಿ ಮುಳ್ಳು. ಆಡುಗಳ ಕಾಟಕ್ಕೆ ಇದಕ್ಕಿಂತ ಒಳ್ಳೆಯ, ಅಗ್ಗದ ಬೇಲಿ ನಾನು ಕಂಡಿಲ್ಲ.

ದೀಪಾವಳಿ ಹೊತ್ತಿಗೆ ನನ್ನ ಮನಸ್ಸು ಬಹಳ ಕುಗ್ಗಿತು. ತಾಂಡಾದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೆಲವರು ಗೋವಾಕ್ಕೆ ಗುಳೆ ಹೊರಟವು. ಅವರ ಜೊತೆ ಮಕ್ಕಳೂ. ಸಸಿಯ ಮೇಲೆ ಚೀಟಿ ಕಟ್ಟಿ, ಹೆಸರಿಟ್ಟು, ದಿನಾ ಮಾತಾಡಿಸುತ್ತಿದ್ದ ಒಬ್ಬ ಹುಡುಗಿ ಹೊರಡುವ ಮುಂಚಿನ ದಿನ ಬಂದು, "ಕಾಕೂ, ನಾ ಬರೂತನಕಾ ಇದಕ್ಕ ಯಾರು ನೀರು ಹಾಕ್ತಾರ?" ಎಂದಳು. ಆ ಪ್ರಶ್ನೆಯಿಂದಲೇ ಜೋಡಿ ಪದ್ಧತಿ ಬಂತು. ಗುಳೆ ಹೋಗುವ ಮನೆಯ ಒಂದು ಮಗು, ಊರಲ್ಲಿ ಉಳಿಯುವ ಮನೆಯ ಒಂದು ಮಗು, ಇಬ್ಬರಿಗೂ ಸೇರಿ ಎರಡು ಗಿಡ. ಹೋಗುವವರು ತಮ್ಮ ವಹಿಯನ್ನು ಜೊತೆಗಾರರಿಗೆ ಒಪ್ಪಿಸಬೇಕು. ಉಳಿದವರು ತಿಂಗಳಿಗೊಮ್ಮೆ ನನ್ನ ಫೋನಿನಿಂದ ಗಿಡದ ಫೋಟೊ ಕಳಿಸುತ್ತಾರೆ. ಜೋಡಿಗಳನ್ನು ಒಂದೇ ಓಣಿಯವರನ್ನಾಗಿ ಮಾಡಬೇಡಿ, ಬೆರೆಸಿ. ತಾಂಡಾದ ಮಕ್ಕಳೂ ಊರಿನ ಮಕ್ಕಳೂ ಪಕ್ಕದಲ್ಲಿ ಕೂರಲು ಇದೊಂದು ದಾರಿಯಾಯಿತು.

ಜನವರಿಯಲ್ಲಿ ಪ್ರವಾಸ. ದೂರದ ಊರು ಬೇಡ, ವಿಜಯಪುರಕ್ಕೇ ಹೋಗೋಣ, ಆದರೆ ನೀರು ನೋಡಲು ಹೋಗೋಣ ಎಂದೆ. ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ, 1620ರಲ್ಲಿ ಕಟ್ಟಿಸಿದ ದೊಡ್ಡ ಬಾವಿ ತಾಜ್ ಬಾವಡಿ, ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನಗರಕ್ಕೆ ನೀರು ತರುತ್ತಿದ್ದ ಕರೇಜ್, ಅದರ ಗಾಳಿಗಿಂಡಿಗಳು, ಕೊನೆಗೆ ಭೂತನಾಳ ಕೆರೆ. ಮಳೆ ಕಡಿಮೆ ಇರುವ ಊರಿನಲ್ಲಿ ನಾಲ್ಕು ನೂರು ವರ್ಷದ ಹಿಂದೆ ಲಕ್ಷಾಂತರ ಜನರ ನಗರಕ್ಕೆ ನೀರು ಹೇಗೆ ಹರಿಸಿದರು ಎಂದು ಮಕ್ಕಳು ಬಾಯಿಬಿಟ್ಟು ಕೇಳಿದರು. ತಾಜ್ ಬಾವಡಿಯ ಮೆಟ್ಟಿಲ ಮೇಲೆ ನಿಂತು ಒಬ್ಬ, "ಇಷ್ಟ ನೀರ ಐತಿ, ಮತ್ತ್ಯಾಕ ಕುಡಿಯಂಗಿಲ್ರಿ?" ಎಂದ. ಉತ್ತರ ನಾನು ಹೇಳಲಿಲ್ಲ. ನೀರಿನ ಅಂಚಿನಲ್ಲಿ ತೇಲುವ ಕಸವನ್ನು ಅವರೇ ಪಟ್ಟಿ ಮಾಡಿದರು. ಪ್ರವಾಸಕ್ಕೆ ಇಲಾಖೆಯ ಪ್ರತ್ಯೇಕ ಅನುಮತಿ, ಪಾಲಕರ ಸಹಿ, ಜೊತೆಗೆ ಒಬ್ಬ ಶಿಕ್ಷಕಿ ಬೇಕು. ಸಾರಿಗೆ ಸಂಸ್ಥೆಯ ಬಸ್ಸನ್ನು ಒಪ್ಪಂದದ ಮೇಲೆ ಪಡೆಯಲು ಮುಂಗಡ ಕಟ್ಟಬೇಕು. ಡಿಸೆಂಬರ್, ಜನವರಿಯಲ್ಲಿ ಎಲ್ಲ ಶಾಲೆಗಳೂ ಹೊರಡುತ್ತವೆ, ಬೇಗ ಹೆಸರು ಹಚ್ಚಿಸಿ.

ಫೆಬ್ರುವರಿಗೆ ನೆಲ ಬಿರಿಯತೊಡಗಿತು. ಎರಿ ಮಣ್ಣಿನ ಬಿರುಕಿನಲ್ಲಿ ಮಗುವಿನ ತೋಳು ಇಳಿಯುವಷ್ಟು ಸಂದಿ, ಅದರೊಳಗೆ ಎಳೆಯ ಬೇರು ಹರಿದು ಗಾಳಿಗೆ ಒಣಗುತ್ತದೆ. ಮಕ್ಕಳು ಪ್ರತಿ ಶನಿವಾರ ಬಿರುಕುಗಳಿಗೆ ಪುಡಿ ಮಣ್ಣು ತುಂಬಿ, ಮೇಲೆ ಜೋಳದ ಕಣಿಕೆ, ಶೇಂಗಾ ಸಿಪ್ಪೆ ಹಾಸಿದರು. ಕೊಳವೆಬಾವಿಯ ನೀರೇ ಸವಳು. ಡೋಣಿ ದಂಡೆಯ ಊರವರಿಗೆ ಇದನ್ನು ಹೇಳಬೇಕಿಲ್ಲ. ಮಾವು, ನುಗ್ಗೆಯ ಎಲೆಯ ಅಂಚು ಸುಟ್ಟಂತಾಗಿ ಒಂದೊಂದೇ ಹೋದವು. ಹೊಂಗೆ, ಬೇವು, ಹುಣಸೆ, ಬಾರಿ (ಬೋರೆ) ತಡೆದವು. ನೀರು ರುಚಿ ನೋಡಿ ಗಿಡ ಆರಿಸಿ, ಇದು ನನ್ನ ಕಳಕಳಿಯ ಮಾತು. ಮಕ್ಕಳು ಪ್ರೀತಿಯಿಂದ ನೆಟ್ಟ ಗಿಡ ಸತ್ತರೆ ಅವರ ಮುಖ ನೋಡುವುದು ಕಷ್ಟ.

ರಜೆಗೆ ನಾವು ಮಾಡಿಕೊಂಡ ವ್ಯವಸ್ಥೆ ಇದು. ಬಿಸಿಯೂಟದ ನಂತರ ಕೈ, ತಟ್ಟೆ ತೊಳೆಯುವ ನೀರಿಗೆ ಕಾಲುವೆ ತೋಡಿ ಹತ್ತಿರದ ಗಿಡಗಳಿಗೆ ಹರಿಸಿದ್ದೆವು, ರಜೆಯಲ್ಲಿ ಅದೂ ನಿಲ್ಲುತ್ತದೆ. ಆದ್ದರಿಂದ ಪ್ರತಿ ಗಿಡದ ಪಕ್ಕ ಮಣ್ಣಿನ ಗಡಿಗೆ ಕುತ್ತಿಗೆವರೆಗೆ ಹೂಳಿದೆವು. ತಳಕ್ಕೆ ತೂತು ಬೇಡ, ಸುಟ್ಟ ಮಣ್ಣಿನ ಮೂಲಕವೇ ನೀರು ಜಿನುಗಿ ಬೇರಿಗೆ ಹೋಗುತ್ತದೆ. ಬಣ್ಣ ಬಳಿದ, ನುಣುಪಾದ ಗಡಿಗೆ ತರಬೇಡಿ, ಅದರಿಂದ ಜಿನುಗುವುದಿಲ್ಲ. ಬಾಯಿಗೆ ಹಂಚಿನ ಚೂರು ಮುಚ್ಚಿದರೆ ಸೊಳ್ಳೆ ಮೊಟ್ಟೆ ಇಡುವುದಿಲ್ಲ. ತುಂಬಿದ ಗಡಿಗೆ ನಾಲ್ಕೈದು ದಿನ ಬಂತು. ಶಾಲೆಯ ಅಡುಗೆಯಾಕೆಯ ಮನೆ ಎದುರಿಗೇ ಇದೆ, ಕೀಲಿ ಅವರ ಹತ್ತಿರ, ಠರಾವಿನಲ್ಲಿ ಬರೆದದ್ದು. ಬೆಳಿಗ್ಗೆ ಏಳರೊಳಗೆ ಪಾಳಿಯ ಮಕ್ಕಳು ಬರುವುದು, ಎಂಟಕ್ಕೆ ಮನೆಗೆ. ಮೇ ತಿಂಗಳಲ್ಲಿ ಕಾಲುವೆ ನೀರಿನ ಟ್ಯಾಂಕರ್ ತರಿಸಿದೆವು. ನಡುವೆ ಯಾರೋ ಪೈಪು ಕಿತ್ತೊಯ್ದರು. ಸಿಗಲಿಲ್ಲ, ಹೊಸದು ತಂದೆವು.

ಖರ್ಚು ಕೇಳುವವರು ಬಹಳ. ಸಾವಿರ ಲೀಟರ್ ಟ್ಯಾಂಕಿಗೆ 6,500 ರೂ., ಕೆಂಪು ಮಣ್ಣು, ಉಸುಕಿನ ಟ್ರ್ಯಾಕ್ಟರಿಗೆ 5,000, ಗುಂಡಿಯ ಕೂಲಿ 6,000, ಗಡಿಗೆಗಳಿಗೆ 4,800, ಪೈಪು ಎರಡನೆಯದೂ ಸೇರಿ 3,400, ಬೇಸಿಗೆಯ ಟ್ಯಾಂಕರುಗಳಿಗೆ 4,000. ಸಸಿ, ಕಾಗದಪತ್ರ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೂಡಿ 2,000ದೊಳಗೆ. ಅರ್ಧ ನಮ್ಮ ಮನೆಯಿಂದ, ಉಳಿದದ್ದು ಶಾಲೆಯ ಹಳೆಯ ವಿದ್ಯಾರ್ಥಿಗಳಿಂದ. ಗುಂಡಿಯ ಕೆಲಸವನ್ನು ಉದ್ಯೋಗ ಖಾತರಿಯಲ್ಲಿ ಮಾಡಿಸೋಣ ಎಂದು ಪಂಚಾಯ್ತಿಗೆ ಕೇಳಿದ್ದೆವು, ಆ ವರ್ಷದ ಕ್ರಿಯಾ ಯೋಜನೆಯಲ್ಲಿ ಅದು ಸೇರಿರಲಿಲ್ಲ. ನೀವು ಗ್ರಾಮಸಭೆಯಲ್ಲೇ ಎದ್ದು ನಿಂತು ಬರೆಸಿ.

ಶಾಲೆ ತೆರೆದ ವಾರ ಮಕ್ಕಳು ಅಳತೆ ಮಾಡಿದರು. ದಾರ ಸುತ್ತಿ ಕಾಂಡ, ಕೋಲು ನಿಲ್ಲಿಸಿ ಎತ್ತರ. ಮಾವು, ನುಗ್ಗೆ ಬಿಟ್ಟರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಗಿಡ ಉಳಿದಿವೆ. ಗುಳೆಯಿಂದ ಬಂದ ಹುಡುಗಿ ತನ್ನ ಬೇವು ತನಗಿಂತ ಕುಳ್ಳಗಿದೆ ಎಂದು ಜೊತೆಗಾರನ ಮೇಲೆ ಜಗಳ ತೆಗೆದಳು, ಅವನು ವಹಿ ತೆರೆದು ಪ್ರತಿ ವಾರದ ನೀರಿನ ಲೆಕ್ಕ ಒಪ್ಪಿಸಿದ. ಈ ತಿಂಗಳು ನರ್ಸರಿಯ ಸಸಿಗಳು ನೆಲಕ್ಕೆ ಹೋಗುತ್ತಿವೆ, ಹೊಸ ಐದನೇ ತರಗತಿ ಬೇವಿನ ಹಣ್ಣು ಆರಿಸುತ್ತಿದೆ.

ಹುಣಸೆ, ಹೊಂಗೆ ಸಸಿಗಳು ನಮ್ಮಲ್ಲಿ ಮಿಕ್ಕಿವೆ. ಸುತ್ತಲಿನ ಶಾಲೆಗಳವರು ಎಸ್‌ಡಿಎಂಸಿ ಠರಾವಿನ ಪ್ರತಿ ತಂದರೆ ಹಣವಿಲ್ಲದೆ ಕೊಡುತ್ತೇವೆ. ಅದರಲ್ಲಿ ಬೇಸಿಗೆ ರಜೆಯ ಹೊಣೆ ಯಾರದೆಂದು ಬರೆದಿರಬೇಕು, ಅದಿಲ್ಲದಿದ್ದರೆ ಮಕ್ಕಳು ಸಸಿ ಬಿಟ್ಟುಕೊಡುವುದಿಲ್ಲ ಎಂದು ಅವರೇ ಕೂತು ತೀರ್ಮಾನಿಸಿದ್ದಾರೆ. ಶನಿವಾರ ಬೆಳಿಗ್ಗೆ ಬನ್ನಿ, ನೆಟ್ಟ ಮೇಲೆ ಖಾಲಿ ಹಾಲಿನ ಪ್ಯಾಕೆಟ್‌ಗಳನ್ನು ತೊಳೆದು ವಾಪಸ್ ಕಳಿಸಿ.